ಮಾವ ಸುಮ್ಮನಿದ್ದ ಮೂರು ತಿಂಗಳು

ಹೋದ ತಿಂಗಳು ಬಂಟ್ವಾಳದಲ್ಲಿ ಒಂದು ಮದುವೆ ಇತ್ತು. ಊಟದ ಪಂಕ್ತಿಗೆ ಇನ್ನೂ ಹೊತ್ತಿದೆಯೆಂದು ಗಾಳಿಗಾಗಿ ಮದುವೆ ಹಾಲ್‌ನ ಹಿಂಬದಿಗೆ ಹೋದೆ. ಅಲ್ಲಿ ಯಾರೋ ಮಜ್ಜಿಗೆ ಹುಲ್ಲಿನ ಒಂದು ದೊಡ್ಡ ಬುಡವನ್ನು ಕಡಿದು ಬಿಸಿಲಿಗೆ ರಾಶಿ ಹಾಕಿದ್ದರು. ನಿಂಬೆಹಣ್ಣಿನಂಥ ಆ ವಾಸನೆ ಮೂಗಿಗೆ ಬಂದದ್ದೇ ತಡ, ಅಲ್ಲಿ ನಿಲ್ಲಲಾಗದೆ ಒಳಗೆ ಬಂದೆ. ಊಟ ಮಾಡದೆ ಹೆಂಡತಿಯನ್ನು ಎಬ್ಬಿಸಿಕೊಂಡು ಹೊರಟೆ. ಮದುಮಗಳ ತಾಯಿ ಏನು ತಿಳಿದುಕೊಂಡಾಳು ಎಂದು ಅವಳು ದಾರಿಯುದ್ದಕ್ಕೂ ಬೈದಳು. ಈಗ ಊರಿನಲ್ಲಿ ನನ್ನನ್ನು ಸಾಧು ಮನುಷ್ಯ ಎನ್ನುತ್ತಾರೆ, ಜಗಳ ಬಿಡಿಸಲು ಕರೆಯುತ್ತಾರೆ ಕೂಡ. ಕರೆಯುವವರೆಲ್ಲ ಚಿಕ್ಕ ಪ್ರಾಯದವರು. ಆ ಒಂದು ವರ್ಷದ ನನ್ನನ್ನು ಅವರು ನೋಡಿಲ್ಲ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ನನಗೆ ಇಪ್ಪತ್ತೊಂಬತ್ತು. ಗುರುವಾಯನಕೆರೆಯಿಂದ ಮುಂಡಾಜೆ, ಚಾರ್ಮಾಡಿಯವರೆಗೆ ಸರ್ವಿಸ್ ಜೀಪು ಓಡಿಸುತ್ತಿದ್ದೆ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಬ್ಬ ಪ್ರಯಾಣಿಕನಿಗಾಗಿ ಬೇರೆ ಡ್ರೈವರನ ಅಂಗಿ ಹರಿದದ್ದುಂಟು, ಚಿಲ್ಲರೆಗಾಗಿ ಕೆನ್ನೆಗೆ ಕೊಟ್ಟದ್ದುಂಟು. ಅಪ್ಪ ನಾನು ಸಣ್ಣವನಿರುವಾಗಲೇ ತೀರಿಕೊಂಡಿದ್ದರು. ಪೇಟೆಯ ಬದಿಯ ಹಂಚಿನ ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ಆ ಮನೆ ಅಮ್ಮನದ್ದೂ ಅವಳ ತಮ್ಮ ಜಯರಾಮ ಮಾವನದ್ದೂ. ಮಾವ ಮೂಡಬಿದ್ರಿಯ ಒಂದು ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ಶುರುಮಾಡಿ, ಬೊಂಬಾಯಿ ದಾಟಿ, ಥಾಯ್ಲೆಂಡಿಗೆ ಹೋಗಿ ಅಡುಗೆಯವರಾಗಿದ್ದರು. ಇಪ್ಪತ್ತೈದು ವರ್ಷ ಅಲ್ಲೇ. ಮದುವೆಯಾಗಿರಲಿಲ್ಲ. ಮೂರು ವರ್ಷಕ್ಕೊಮ್ಮೆ ಬಂದು ತಿಂಗಳಿದ್ದು ಹೋಗುತ್ತಿದ್ದರು.

ಅವರ ಕೈಯ ಬಗ್ಗೆ ಊರಿನಲ್ಲಿ ಕಥೆಗಳಿದ್ದವು. ಕೋಳಿ ಅಂಕದಲ್ಲಿ ಮೋಸ ಮಾಡಿದವನೊಬ್ಬನನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಕೆರೆಗೆ ಎಸೆದಿದ್ದರಂತೆ. ನಾನು ಆರನೇ ಕ್ಲಾಸಿನಲ್ಲಿ ಅಂಗಡಿಯಿಂದ ಪೆನ್ನು ಕದ್ದಾಗ ಅದೇ ಕೈಯಿಂದ ಒಂದು ತಿಂದಿದ್ದೆ. ಎರಡು ದಿನ ಎಡಕಿವಿ ಕೇಳಿಸಿರಲಿಲ್ಲ. ಮಾವನೆಂದರೆ ನನಗೆ ಹೆದರಿಕೆ, ಆ ಹೆದರಿಕೆಯೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು.

ನಮ್ಮಲ್ಲಿ ಮಾವನ ಗಳಿಕೆಗೆ ಅಳಿಯನೇ, ಅಂದರೆ ಅಕ್ಕತಂಗಿಯರ ಮಗನೇ, ಹಕ್ಕುದಾರ ಎಂಬ ಹಳೆಯ ಕಟ್ಟು ಕಾನೂನಿನಿಂದ ಹೋಗಿ ಎಷ್ಟೋ ವರ್ಷವಾಯಿತು, ತಲೆಯಿಂದ ಹೋಗಿಲ್ಲ. ನನಗೆ ಹದಿನೆಂಟು ತುಂಬಿದ ವರ್ಷ ಮಾವ ಮೂಡಬಿದ್ರಿಯ ಬ್ಯಾಂಕಿನ ತಮ್ಮ ಖಾತೆಗೆ ನನ್ನ ಹೆಸರನ್ನೂ ಸೇರಿಸಿದ್ದರು. ತೆಗೆಯಬೇಕಾದರೆ ಇಬ್ಬರ ಸಹಿಯೂ ಬೇಕು. ಹೆಸರು ಸೇರಿದ ದಿನದಿಂದಲೇ ನಾನು ಆ ಹಣವನ್ನು ನನ್ನದೆಂದು ತಿಳಿದೆ. ಸುಮ್ಮನೆ ತಿಳಿದದ್ದಲ್ಲ, ಅದರ ಮೇಲೆ ಬದುಕು ಕಟ್ಟಿದೆ. ಮೂಡಬಿದ್ರಿಯ ಒಬ್ಬರು ಪರ್ಮಿಟ್ ಸಮೇತ ಮಿನಿ ಬಸ್ಸು ಮಾರುವವರಿದ್ದರು. ಅವರಿಗೆ ಮುಂಗಡ ಕೊಟ್ಟು, ಮೇ ಕೊನೆಯೊಳಗೆ ಉಳಿದದ್ದು ಕೊಡುತ್ತೇನೆಂದು ಮಾತು ಕೊಟ್ಟೆ. ಬಸ್ಸಿಗೆ ಅಮ್ಮನ ಹೆಸರಿಡುವುದೆಂದೂ ನಿಶ್ಚಯವಾಗಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದೆಂದರೆ ಇದೇ.

ಆ ಫೆಬ್ರವರಿಯಲ್ಲಿ ಮಾವ ಬಂದರು. ಬಂದ ಮೂರನೇ ದಿನ, ಖಾತೆಯ ಹಣವನ್ನು ತಮ್ಮೊಬ್ಬರ ಹೆಸರಿಗೆ ಮಾಡಬೇಕು, ನಿನ್ನ ಸಹಿ ಬೇಕು ಎಂದರು. ಬಸ್ಸಿನ ಹಣ ಒಟ್ಟಿಗೆ ಕೊಡಲು ಹೀಗೆ ಮಾಡುತ್ತಿದ್ದಾರೆಂದು ನನ್ನ ಲೆಕ್ಕ. ಏಕೆಂದು ಕೇಳಲಿಲ್ಲ. ಮಾವನನ್ನು ಏಕೆಂದು ಕೇಳುವ ಕ್ರಮ ನಮ್ಮಲ್ಲಿಲ್ಲ. ಮೂಡಬಿದ್ರಿಗೆ ಜೀಪಿನಲ್ಲೇ ಕರೆದುಕೊಂಡು ಹೋಗಿ, ತೋರಿಸಿದಲ್ಲೆಲ್ಲ ಸಹಿ ಹಾಕಿ, ಬ್ಯಾಂಕಿನ ಜವಾನನಿಗೆ ಚಾ ಕುಡಿಸಿ ಬಂದೆ.

ಒಂದು ವಾರ ಕಳೆದು, ಮಧ್ಯಾಹ್ನ ಊಟಕ್ಕೆ ಕೂತಲ್ಲಿ ಮಾವ ವಿಷಯ ಹೇಳಿದರು. ಅವರು ಕೆಲಸ ಮಾಡುತ್ತಿದ್ದ ಹೋಟೆಲು ಮುಚ್ಚಿತ್ತು, ಕೆಲಸದ ವೀಸಾ ಮುಗಿದಿತ್ತು. ಆದರೆ ಆ ದೇಶದಲ್ಲಿ ಐವತ್ತು ದಾಟಿದವರಿಗೆ ನಿವೃತ್ತರ ವೀಸಾ ಎಂದು ಕೊಡುತ್ತಾರಂತೆ. ಅವರ ಎಂಟು ಲಕ್ಷ ಬಾತ್, ನಮ್ಮ ಒಂಬತ್ತು ಲಕ್ಷದ ಹತ್ತಿರ, ಸ್ವಂತ ಹೆಸರಿನಲ್ಲಿ ಬ್ಯಾಂಕಿನಲ್ಲಿರಬೇಕು. ಮೂರು ತಿಂಗಳು ಅದರಿಂದ ಒಂದು ರೂಪಾಯಿ ಕಡಿಮೆಯಾಗಬಾರದು. ಹಾಗೆಂದು ಬ್ಯಾಂಕು ಪತ್ರ ಕೊಡಬೇಕು. ಈ ಮನುಷ್ಯನ ಮೇಲೆ ಯಾವ ಕೇಸೂ ಇಲ್ಲವೆಂದು ಪೊಲೀಸರು ಪತ್ರ ಕೊಡಬೇಕು. ಕುಷ್ಠವಿಲ್ಲ, ಆನೆಕಾಲಿಲ್ಲ ಎಂದು ಡಾಕ್ಟರು ಕೊಡಬೇಕು. ಅಮ್ಮ ನಗಾಡಿದಳು, ನಿನ್ನ ಕಾಲನ್ನು ನಾನೇ ನೋಡಿ ಬರೆದುಕೊಡುತ್ತೇನೆ ಎಂದು. ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ.

"ಅಲ್ಲಿ ಒಬ್ಬಳು ಇದ್ದಾಳೆ ಅಕ್ಕ," ಎಂದರು ಮಾವ, ತಟ್ಟೆಯಿಂದ ತಲೆ ಎತ್ತದೆ. "ನೋಯ್ ಅಂತ ಹೆಸರು. ಗಂಡ ಇಲ್ಲ. ಸಣ್ಣ ಊಟದ ಅಂಗಡಿ ಉಂಟು. ಹದಿನೇಳು ವರ್ಷದಿಂದ ನಾನು ಅವಳ ಮನೆಯಲ್ಲೇ ಇರುವುದು. ನನ್ನ ಪಾಲಿನ ಜಾಗ, ಈ ಮನೆ, ಎಲ್ಲ ನಿನಗೆ ಬರೆದು ಕೊಡ್ತೇನೆ. ಹಣ ಮಾತ್ರ ಮುಟ್ಟಬೇಡಿ. ಅದಿಲ್ಲದಿದ್ದರೆ ನನಗೆ ಅಲ್ಲಿಗೆ ಹೋಗ್ಲಿಕ್ಕಿಲ್ಲ."

ಅಮ್ಮ ಕೈಯಲ್ಲಿದ್ದ ಸಾರಿನ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. ಸಾರು ಮಾವನ ತಟ್ಟೆಯವರೆಗೂ ಹರಿಯಿತು. ಯಾವಳೋ ಪರದೇಶದವಳಿಗೆ ಸೇರಲಿಕ್ಕಾ ನನ್ನ ತಾಯಿ ನಿನ್ನನ್ನು ಹೆತ್ತದ್ದು ಎಂದು ಕೇಳಿದಳು. ನಾನು ಎದ್ದು ಹೊರಗೆ ಬಂದು ಜೀಪಿನ ಬಾನೆಟ್ಟಿಗೆ ಗುದ್ದಿದೆ. ಬಿಸಿಲಿಗೆ ಕಾದ ಕಬ್ಬಿಣ ಗೆಣ್ಣುಗಳ ಚರ್ಮ ಕಿತ್ತಿತು. ನನ್ನ ಸಹಿಯಿಂದಲೇ ನನ್ನನ್ನು ಹೊರಗೆ ಹಾಕಿದ್ದರು. ಮೋಸ ಎಂದರೆ ನನಗೆ ಅದೇ.

ಆ ವರ್ಷದ ಮಾರ್ಚಿನಂಥ ಮಾರ್ಚ್ ನಾನು ಮತ್ತೆ ಕಂಡಿಲ್ಲ. ಬಾವಿಯ ತಳ ಕಂಡಿತ್ತು. ಮಣ್ಣಿನ ರಸ್ತೆಯ ಕೆಂಪು ಧೂಳು ಅನ್ನದಲ್ಲೂ ಸಿಗುತ್ತಿತ್ತು. ಜೀಪಿನ ಸ್ಟಿಯರಿಂಗ್ ಹಿಡಿಯಲು ಕೈಗೆ ಬಟ್ಟೆ ಸುತ್ತಬೇಕಾಗಿತ್ತು. ಬಸ್ಸಿನವರು ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದರು. ಒಂದು ಸಂಜೆ ಅಂಗಳದಲ್ಲಿ ಕೂತಿದ್ದ ಮಾವನ ಮುಂದೆ ಹಣ ತೆಗೆಯುವ ಚೀಟಿ ಹಿಡಿದು, ಸೈನ್ ಹಾಕು ಎಂದೆ. ಮಾವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವರು ತಲೆ ಅಲ್ಲಾಡಿಸಿದರು. ನಾನು ಕೆನ್ನೆಗೆ ಹೊಡೆದೆ.

ಹೊಡೆದ ಮರುಕ್ಷಣ ಎರಡು ಹೆಜ್ಜೆ ಹಿಂದೆ ಸರಿದದ್ದು ನಾನು. ಆ ಕೈ ಈಗ ನನ್ನ ಮೇಲೆ ಬೀಳುತ್ತದೆಂದು ಮೈಯೆಲ್ಲ ಬಿಗಿಹಿಡಿದು ನಿಂತೆ. ಬೀಳಲಿಲ್ಲ. ಮಾವ ಎದ್ದುನಿಂತು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಬಲಗೈ ಎಡಗೈಯನ್ನು ಹಿಡಿದಿತ್ತೋ, ಎಡಗೈ ಬಲಗೈಯನ್ನು ಹಿಡಿದಿತ್ತೋ, ತೋಳಿನ ನರ ಉಬ್ಬಿದ್ದು ಮಾತ್ರ ಕಾಣುತ್ತಿತ್ತು.

ಅವರು ಏಕೆ ಸುಮ್ಮನಿದ್ದರೆಂದು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಕಡೆ ಹೊಡೆದಾಟಕ್ಕೆ ಒಂದು ಕ್ರಮ ಉಂಟು. ಪೆಟ್ಟು ತಿಂದವನೂ ಕೊಟ್ಟವನೂ ಇಬ್ಬರೂ ಬೆಳ್ತಂಗಡಿಯ ಆಸ್ಪತ್ರೆಗೆ ಓಡಬೇಕು. ಮೊದಲು ಮಂಚ ಹಿಡಿದವನದ್ದು ಕೇಸು, ಮತ್ತೆ ಬಂದವನದ್ದು ಕೌಂಟರ್ ಕೇಸು. ಯಾರು ಯಾರಿಗೆ ಹೊಡೆದದ್ದೆಂದು ದೇವರಿಗೂ ಗೊತ್ತಾಗದ ಹಾಗೆ ಎರಡೂ ಕೇಸು ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಮಲಗುತ್ತವೆ. ಮಾವ ನನ್ನ ಮೇಲೆ ಕೈಮಾಡಿದರೆ ಕೇಸು. ನನ್ನ ಮೇಲೆ ದೂರು ಕೊಟ್ಟರೂ ನನ್ನದೊಂದು ಕೌಂಟರ್ ಕೇಸು. ಯಾವುದಾದರೂ ಒಂದು ಬಿದ್ದರೆ ಪೊಲೀಸರ ಪತ್ರ ಇಲ್ಲ, ಪತ್ರ ಇಲ್ಲದೆ ವೀಸಾ ಇಲ್ಲ. ಬೇರೆ ಕಡೆ ಹೋಗಿ ಇರುವಂತೆಯೂ ಇರಲಿಲ್ಲ. ಠಾಣೆಯವರು ವಿಚಾರಣೆಗೆ ಬರುವುದು ಪಾಸ್‌ಪೋರ್ಟಿನಲ್ಲಿದ್ದ ವಿಳಾಸಕ್ಕೆ, ಅಂದರೆ ನಮ್ಮ ಮನೆಗೆ. ಮೂರು ತಿಂಗಳು ಹಣವೂ ಅಲುಗಾಡಬಾರದು, ಕೈಯೂ ಅಲುಗಾಡಬಾರದು. ಇದು ಗೊತ್ತಾದ ದಿನ ನನಗೆ ಖುಷಿಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಖುಷಿಯೇ.

ಎದುರು ಹೊಡೆಯದವನನ್ನು ಹೊಡೆಯುವುದಕ್ಕೆ ಒಂದು ರುಚಿ ಉಂಟು. ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಕೊನೆಯ ಟ್ರಿಪ್ಪು ಮುಗಿಸಿ ಬರುವಾಗಲೇ ಕೈ ತುರಿಸುತ್ತಿತ್ತು. ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ್ದೇನೆ. ಬೆಲ್ಟಿನಲ್ಲಿ ಬೆನ್ನಿಗೆ ಹೊಡೆದಿದ್ದೇನೆ. ಅವರ ಚಾಪೆಯನ್ನು ಬಾವಿಗೆ ಎಸೆದಿದ್ದೇನೆ. ಅವರು ನನಗೆ ಹೆದರಿ ಸುಮ್ಮನಿದ್ದದ್ದಲ್ಲ ಎಂದು ನನಗೆ ಗೊತ್ತಿತ್ತು, ಅದರಿಂದಲೇ ಸಿಟ್ಟು ಇನ್ನೂ ಹೆಚ್ಚಾಗುತ್ತಿತ್ತು. ಅಮ್ಮ ತಡೆಯಲಿಲ್ಲ. ಮೊದಮೊದಲು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ದಿನ, ಎರಡು ಬೀಳಲಿ, ಆ ಹೆಂಗಸಿನ ಮರುಳು ಬಿಡಲಿ ಎಂದೂ ಹೇಳಿದಳು. ಅದನ್ನು ಅವಳು ಆಮೇಲೆ ಮರೆಯಲಿಲ್ಲ, ನಾನೂ ಮರೆತಿಲ್ಲ.

ಮಾವ ಮಾತ್ರ ಬೆಳಿಗ್ಗೆ ಎದ್ದು ಮಾಮೂಲಿನಂತೆ ಅಡುಗೆಮನೆಗೆ ಹೋಗುತ್ತಿದ್ದರು. ಬಾವಿಕಟ್ಟೆಯ ಬಳಿ ಬೆಳೆದ ಮಜ್ಜಿಗೆ ಹುಲ್ಲಿನ ಬುಡ ಜಜ್ಜಿ, ಒಣ ಸಿಗಡಿ, ಹುಣಸೆಹುಳಿ, ಮೆಣಸು ಹಾಕಿ ಅಲ್ಲಿಯ ಒಂದು ಸಾರು ಮಾಡುತ್ತಿದ್ದರು. ನಮಗೂ ಬಡಿಸುತ್ತಿದ್ದರು. ಹಿಂದಿನ ದಿನ ಬೆಲ್ಟಿನಲ್ಲಿ ಹೊಡೆದವನು ಮರುದಿನ ಅವರ ಕೈಯ ಸಾರು ಸುರಿದುಕೊಂಡು ಉಣ್ಣುತ್ತಿದ್ದೆ. ಚೆನ್ನಾಗಿರುತ್ತಿತ್ತು ಎಂಬುದೇ ನನ್ನ ಹೊಟ್ಟೆ ಉರಿಸುತ್ತಿತ್ತು.

ಏಪ್ರಿಲಿನಲ್ಲಿ ನಾನು ಹೊಸ ಬೆದರಿಕೆ ಶುರುಮಾಡಿದೆ. ಹಣ ತೆಗೆದುಕೊಡದಿದ್ದರೆ ನನ್ನ ತಲೆಯನ್ನು ನಾನೇ ಒಡೆದುಕೊಂಡು ಬೆಳ್ತಂಗಡಿಯಲ್ಲಿ ಮಂಚ ಹಿಡಿಯುತ್ತೇನೆ, ಹೊಡೆದದ್ದು ನೀನೆಂದು ಬರೆಸುತ್ತೇನೆ ಎಂದೆ. ಮಾವನ ಮುಖದ ಬಣ್ಣ ಹೋದದ್ದು ಆಗ. ಕೆರೆಗೆ ಗಂಡಸನ್ನು ಎಸೆದ ಆ ಮನುಷ್ಯ ಅಂಗಳದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ನನ್ನ ಕಾಲಿಗೆ ಬಿದ್ದರು. ಮಾವ ಅಳಿಯನ ಕಾಲಿಗೆ ಬೀಳುವುದೆಂದರೆ ನಮ್ಮಲ್ಲಿ ಪ್ರಪಂಚ ಮುಗಿದ ಹಾಗೆ. ನಾನು ಕಾಲು ಹಿಂದೆಗೆದುಕೊಂಡೆ ಎಂದು ಬರೆಯುವ ಆಸೆ ನನಗೂ ಇದೆ. ಹಿಂದೆಗೆದುಕೊಳ್ಳಲಿಲ್ಲ, ಒದ್ದೆ.

ಇದನ್ನು ನೋಡಿದವನು ಹಮೀದ್. ನನ್ನ ಹಾಗೆಯೇ ಜೀಪು ಓಡಿಸುವವನು, ಒಂದನೇ ಕ್ಲಾಸಿನಿಂದ ನನ್ನ ಜೊತೆಯವನು, ರಸ್ತೆಯ ಆಚೆ ಬದಿ ಮನೆ. ಡೀಸೆಲಿನ ಕ್ಯಾನು ವಾಪಸು ಕೊಡಲು ಬಂದವನು ಗೇಟಿನಲ್ಲೇ ನಿಂತುಬಿಟ್ಟ. ಒಳಗೆ ಬಂದು ಮಾವನನ್ನು ಎಬ್ಬಿಸಿ, ಹೆಗಲಿನ ಬೈರಾಸಿನಿಂದ ಅವರ ಮುಖ ಒರೆಸಿದ. ಹೋಗುವಾಗ ನನ್ನನ್ನು ನೋಡಲಿಲ್ಲ. ಅವತ್ತಿನಿಂದ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಜೀಪು ನಿಲ್ಲಿಸುವುದನ್ನು ಬಿಟ್ಟ.

ಮೇ ನಡುವಿನಲ್ಲಿ, ಮೂರು ತಿಂಗಳು ತುಂಬಲು ಹತ್ತು ಹನ್ನೆರಡು ದಿನ ಇರುವಾಗ, ಬಸ್ಸಿನವರು ಮೇ ಕೊನೆಯ ಮೇಲೆ ಒಂದು ದಿನವೂ ಕಾಯುವುದಿಲ್ಲವೆಂದರು. ಮಳೆ ಬರುವ ಮೊದಲಿನ ಧಗೆ. ಮೋಡ ಕಟ್ಟುತ್ತದೆ, ಗುಡುಗುತ್ತದೆ, ಒಂದು ಹನಿ ಬೀಳುವುದಿಲ್ಲ. ಮಧ್ಯಾಹ್ನ ಜೀಪಿನ ಜಾಕಿಯ ರಾಡು ಹಿಡಿದೇ ಮನೆಗೆ ಬಂದೆ. ಮಾವ ಹಿಂಬದಿಯ ಜಗಲಿಯಲ್ಲಿ ಕಲ್ಲಿನ ಮೇಲೆ ಮಜ್ಜಿಗೆ ಹುಲ್ಲು ಜಜ್ಜುತ್ತಿದ್ದರು. ಚೀಟಿ ಕೆಳಗಿಟ್ಟೆ. ಅವರು ಅದನ್ನು ಮಡಚಿ ಪಕ್ಕಕ್ಕಿಟ್ಟು ಮತ್ತೆ ಜಜ್ಜತೊಡಗಿದರು. ಆ ಮಡಚಿದ್ದು ಸಾಕಾಯಿತು ನನಗೆ. ಕಲ್ಲಿನ ಮೇಲಿದ್ದ ಕೈಗೆ ರಾಡಿನಿಂದ ಹೊಡೆದೆ. ಒಂದಲ್ಲ, ಎರಡು. ಮೊದಲನೆಯದಕ್ಕೆ ಅವರು ಕೂಗಿದರು. ಎರಡನೆಯದಕ್ಕೆ ಮಣಿಕಟ್ಟು ಮುರಿದ ಶಬ್ದ ನನಗೆ ಸ್ಪಷ್ಟವಾಗಿ ಕೇಳಿಸಿತು.

ಅಮ್ಮ ಓಡಿ ಬಂದಳು. ಕೈ ಇರಬೇಕಾದ ದಿಕ್ಕಿನಲ್ಲಿರಲಿಲ್ಲ. ಎಲುಬು ಚರ್ಮವನ್ನು ಒಳಗಿನಿಂದ ಎತ್ತಿ ಹಿಡಿದಿತ್ತು. ಮಾವ ಹಲ್ಲು ಕಚ್ಚಿಕೊಂಡೇ ಮಾತಾಡಿದರು.

"ಬಚ್ಚಲಲ್ಲಿ ಜಾರಿ ಬಿದ್ದದ್ದು ಅಂತ ಹೇಳುವ ಅಕ್ಕ. ನೀನೂ ಹಾಗೆಯೇ ಹೇಳು."

ಅಮ್ಮ ನನ್ನನ್ನು ನೋಡಿದ ರೀತಿಯನ್ನು ನಾನು ವಿವರಿಸಲಾರೆ. ತನ್ನ ಸೀರೆಯ ಸೆರಗು ಹರಿದು ಅವರ ಕೈಗೆ ಸುತ್ತಿ, ರಸ್ತೆ ದಾಟಿ ಹಮೀದನನ್ನು ಕರೆದುಕೊಂಡು ಬಂದಳು. ಅವನ ಜೀಪಿನಲ್ಲಿ ಮೂವರೂ ಹೋದರು. ನಾನು ಜಗಲಿಯಲ್ಲೇ ಕೂತಿದ್ದೆ. ಆಗ ನನಗೆ ಹೊಳೆದದ್ದು, ಅಯ್ಯೋ ಮಾವನ ಕೈ ಎಂದಲ್ಲ. ಸಹಿ ಹಾಕುವ ಕೈಯನ್ನೇ ಮುರಿದೆನಲ್ಲ, ಇನ್ನು ಹಣ ತೆಗೆಯುವುದು ಹೇಗೆ ಎಂದು. ಅಂಥ ಮನುಷ್ಯ ನಾನು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬಂದೀತೇ ಎನ್ನುತ್ತಾರೆ. ನನಗೆ ಶಾಂತವೂ ಆಗಿರಲಿಲ್ಲ.

ಮಾವ ಪ್ಲಾಸ್ಟರು ಹಾಕಿಸಿಕೊಂಡು ಬಂದರು. ಅಮ್ಮ ಅವರ ಕೋಣೆಯ ಬಾಗಿಲಿಗೆ ಅಡ್ಡ ಮಲಗತೊಡಗಿದಳು, ತಲೆಯ ಹತ್ತಿರ ಸೌದೆ ಒಡೆಯುವ ಕತ್ತಿ ಇಟ್ಟುಕೊಂಡು. ನನಗೆ ಅನ್ನ ಬಡಿಸುವುದನ್ನು ನಿಲ್ಲಿಸಿದಳು. ಹೀಗೆ ದಿನ ತುಂಬಿತು.

ಬ್ಯಾಂಕಿನಲ್ಲಿ ನಡೆದದ್ದನ್ನು ನಾನು ನೋಡಿದ್ದಲ್ಲ, ವರ್ಷಗಳ ಮೇಲೆ ಹಮೀದ್ ಹೇಳಿದ್ದು. ಅವನೇ ಅಮ್ಮನನ್ನೂ ಮಾವನನ್ನೂ ಮೂಡಬಿದ್ರಿಗೆ ಕರೆದುಕೊಂಡು ಹೋದ. ಪತ್ರ ಬೇಕೆಂದು ಬರೆದ ಅರ್ಜಿಗೆ ಮಾವ ಎಡಗೈಯಲ್ಲಿ ಸಹಿ ಹಾಕಲು ನೋಡಿದರು. ಗೀಚಿದ ಹಾಗಾಯಿತು, ಬ್ಯಾಂಕಿನಲ್ಲಿದ್ದ ಸಹಿಗೂ ಅದಕ್ಕೂ ತಾಳೆಯೇ ಇಲ್ಲ. ಮ್ಯಾನೇಜರ್ ಒಬ್ಬರು ಹೆಂಗಸು. ಎಡಗೈಯ ಹೆಬ್ಬೆಟ್ಟು ಒತ್ತಿ, ಇಬ್ಬರು ಸಾಕ್ಷಿ ಹಾಕಿದರೆ ಆಗುತ್ತದೆ ಎಂದರಂತೆ. ಆಮೇಲೆ ಪ್ಲಾಸ್ಟರನ್ನು ನೋಡಿ, ಯಾರಾದರೂ ಹೆದರಿಸಿ ಕರೆದುಕೊಂಡು ಬಂದದ್ದಾ, ಕೈ ಹೇಗೆ ಮುರಿಯಿತು ಎಂದು ಎರಡು ಸಲ ಕೇಳಿದರಂತೆ. ಬಚ್ಚಲಲ್ಲಿ ಜಾರಿದ್ದೆಂದು ಮಾವ ಎರಡು ಸಲವೂ ಹೇಳಿದರು. ಸಾಕ್ಷಿಯ ಜಾಗದಲ್ಲಿ ಅಮ್ಮ ಅಕ್ಷರ ಕೂಡಿಸಿ ಕೂಡಿಸಿ ತನ್ನ ಹೆಸರು ಬರೆದಳು. ಅದರ ಕೆಳಗೆ ಹಮೀದ್ ಬರೆದ.

ಪತ್ರ ಸಿಕ್ಕಿದ ಸುದ್ದಿ ಅವರಿಗಿಂತ ಮೊದಲೇ ಗುರುವಾಯನಕೆರೆಗೆ ತಲುಪಿತ್ತು. ಅಮ್ಮನನ್ನೂ ಮಾವನನ್ನೂ ಮನೆಯ ಹತ್ತಿರ ಇಳಿಸಿ ಹಮೀದ್ ಸ್ಟ್ಯಾಂಡಿಗೆ ಬಂದದ್ದೇ ನಾನು ಅವನನ್ನು ಸೀಟಿನಿಂದ ಕಾಲರು ಹಿಡಿದು ಎಳೆದೆ. ಬಾಯಿಗೆ ಗುದ್ದಿದೆ. ಅದೇ ಜಾಕಿಯ ರಾಡಿನಿಂದ ಅವನ ಜೀಪಿನ ಗ್ಲಾಸು ಪುಡಿಮಾಡಿದೆ. ಗ್ಲಾಸು ಬಿದ್ದ ಶಬ್ದಕ್ಕೆ ಜನ ಸೇರಿತು. ಆ ವರ್ಷಗಳಲ್ಲಿ ನಮ್ಮ ಕಡೆ ಜನ ಸೇರುವುದೆಂದರೆ ಸುಮ್ಮನೆ ಸೇರುವುದಲ್ಲ. ಎರಡು ನಿಮಿಷದಲ್ಲಿ ನನ್ನ ಹಿಂದೆ ಕೆಲವರು, ಅವನ ಹಿಂದೆ ಕೆಲವರು. ನನಗೆ ಒಂದು ಚಾ ಕುಡಿಸದವರೂ ನನ್ನ ಬೆನ್ನಿಗೆ ನಿಂತು, ಯಾರು ಅವ, ಎಂತ ಮಾಡಿದ್ದು ಎಂದು ಕೇಳುತ್ತಿದ್ದರು. ಒಬ್ಬನ ಕೈಯಲ್ಲಿ ಆಗಲೇ ಸೋಡಾ ಬಾಟಲಿ ಇತ್ತು. ಅಂಗಡಿಗಳ ಬಾಗಿಲು ಬೀಳತೊಡಗಿತು.

ಹಮೀದನ ತುಟಿ ಒಡೆದು ರಕ್ತ ಅಂಗಿಗೆ ಇಳಿಯುತ್ತಿತ್ತು. ಅವನು ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ.

"ಬೇಕಾದರೆ ಇನ್ನೊಂದು ಹೊಡಿ ಸುಧಾಕರ, ನಾನು ನಿಲ್ತೇನೆ. ಆದರೆ ಇವರು ಬಂದದ್ದು ನಿನಗೋಸ್ಕರವೂ ಅಲ್ಲ, ನನಗೋಸ್ಕರವೂ ಅಲ್ಲ. ಸಂಜೆಗೆ ಪೇಟೆ ಹೊತ್ತಿ ಉರಿತದೆ."

ಆಮೇಲೆ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, ಟ್ರಿಪ್ಪಿನ ವಿಷಯದಲ್ಲಿ ತನ್ನದೇ ತಪ್ಪು, ಮುಗಿಯಿತು, ಹೋಗಿ ಎಂದ. ಗ್ಲಾಸಿಲ್ಲದ ಜೀಪನ್ನು ಸ್ಟಾರ್ಟ್ ಮಾಡಿಕೊಂಡು ಹೋದ. ತಪ್ಪಿಲ್ಲದವನು ತಪ್ಪು ಒಪ್ಪಿಕೊಂಡು ಊರನ್ನು ಉಳಿಸಿದ.

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಬ್ಯಾಂಕಿನ ಪತ್ರ ಆಯಿತು, ಡಾಕ್ಟರದ್ದು ಆಯಿತು, ಇನ್ನು ಉಳಿದದ್ದು ಪೊಲೀಸರದ್ದೊಂದೇ. ಬೆಳ್ತಂಗಡಿ ಠಾಣೆಯಿಂದ ಮಂಗಳೂರಿಗೆ ವರದಿ ಇನ್ನೂ ಹೋಗಿಲ್ಲವೆಂದು ನನಗೆ ಗೊತ್ತಿತ್ತು. ನಡೆದುಕೊಂಡು ಮನೆಗೆ ಬಂದೆ. ಮುರಕಲ್ಲಿನ ಗೇಟಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಹಣೆ ಒಡೆಯುವವರೆಗೆ ತಲೆ ಚಚ್ಚಿಕೊಂಡೆ. ನಾಲ್ಕನೆಯದಕ್ಕೆ ಕಣ್ಣಿಗೆ ರಕ್ತ ಇಳಿಯಿತು. ಅಮ್ಮ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. ನೋಡಲಿ ಎಂದೇ ಅಲ್ಲಿ ನಿಂತು ಚಚ್ಚಿಕೊಂಡದ್ದು. ಸಿಕ್ಕಿದ ರಿಕ್ಷಾದಲ್ಲಿ ಬೆಳ್ತಂಗಡಿಗೆ ಹೋಗಿ, ಮಂಚ ಹಿಡಿದೆ.

ಹಣೆಗೆ ಐದು ಹೊಲಿಗೆ ಬಿತ್ತು. ಹೊಡೆದಾಟದ ಗಾಯವೆಂದರೆ ಆಸ್ಪತ್ರೆಯವರು ಠಾಣೆಗೆ ತಿಳಿಸಲೇಬೇಕು. ಸಂಜೆ ಐದರ ಹೊತ್ತಿಗೆ ಒಬ್ಬ ಹೆಡ್ ಕಾನ್‌ಸ್ಟೇಬಲ್ ಹೇಳಿಕೆ ಬರೆಯಲು ಬಂದು, ಮಂಚದ ಪಕ್ಕ ಸ್ಟೂಲು ಎಳೆದು ಕೂತರು. ಹೊರಗೆ ಕೊನೆಗೂ ಮಳೆ ಶುರುವಾಗಿತ್ತು. ಹೆಸರು, ಪ್ರಾಯ, ಉದ್ಯೋಗ ಬರೆದುಕೊಂಡು, ಹೊಡೆದದ್ದು ಯಾರು ಎಂದು ಕೇಳಿದರು. ಮಾವನ ಹೆಸರು ನನ್ನ ನಾಲಿಗೆಯ ಮೇಲಿತ್ತು.

ಆಗ ಬಾಗಿಲಿನಲ್ಲಿ ಅಮ್ಮ ನಿಂತಿದ್ದಳು. ಹರಿದ ಸೆರಗಿನ ಅದೇ ಸೀರೆ, ನೀರು ಇಳಿಯುತ್ತಿತ್ತು. ಬಸ್ಸಿಗೆ ಕಾಯದೆ ಅರ್ಧ ದಾರಿ ನಡೆದೇ ಬಂದಿದ್ದಳು ಎಂದು ಆಮೇಲೆ ಗೊತ್ತಾಯಿತು. ನನ್ನ ಕಡೆ ನೋಡದೆ ಕಾನ್‌ಸ್ಟೇಬಲರ ಹತ್ತಿರ ಹೋದಳು.

"ಬರೆಯಿರಿ," ಎಂದಳು. "ಹೊಡೆದದ್ದು ನಾನು. ಹೆಸರು ಗಿರಿಜ, ಇವನ ತಾಯಿ. ಸೌದೆಯಲ್ಲಿ ಹೊಡೆದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ."

ಕಾನ್‌ಸ್ಟೇಬಲರಿಗೆ ನಂಬಿಕೆ ಬರಲಿಲ್ಲ. ನೀವು ಹೇಳುವುದು ಗೊತ್ತುಂಟಲ್ಲ, ಕೇಸು ನಿಮ್ಮ ಮೇಲೆ ಬೀಳುತ್ತದೆ ಎಂದು ಎಚ್ಚರಿಸಿದರು. ಅವಳು ಅದೇ ಮಾತನ್ನು ಮತ್ತೆ ಹೇಳಿದಳು. ಅವರು ನನ್ನ ಕಡೆ ತಿರುಗಿ, ಹೌದಾ ಎಂದು ಕೇಳಿದರು.

ಅಲ್ಲ ಎಂದು ಹೇಳಿ ಎದ್ದುಬಿಡಬಹುದಿತ್ತು, ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಮಾವನ ಹೆಸರನ್ನೂ ಹೇಳಬಹುದಿತ್ತು. ಆದರೆ ಅಮ್ಮ ನನ್ನೆದುರೇ ಅದನ್ನು ಸುಳ್ಳೆಂದು ಸಾಧಿಸುತ್ತಾಳೆಂದು ಅವಳ ನಿಲುವಿನಲ್ಲೇ ಕಾಣುತ್ತಿತ್ತು. ನಾನು ಹೌದು ಎಂದೆ. ಮಾವನನ್ನು ಉಳಿಸಲಿಕ್ಕೆ ಹೇಳಿದ್ದಲ್ಲ. ತಮ್ಮನಿಗಾಗಿ ಮಗನನ್ನು ಬಿಟ್ಟಳಲ್ಲ, ಅನುಭವಿಸಲಿ ಎಂದು ಹೇಳಿದ್ದು. ಕಾನ್‌ಸ್ಟೇಬಲರು ಬರೆದುದರ ಕೆಳಗೆ ಚೆಂದವಾಗಿ ಸಹಿ ಹಾಕಿದೆ. ನನ್ನ ಕೈ ನೆಟ್ಟಗಿತ್ತು.

ಮಾವನ ಮೇಲೆ ಏನೂ ಇಲ್ಲವೆಂದು ಠಾಣೆಯಿಂದ ವರದಿ ಹೋಯಿತು. ಜೂನ್ ಮಳೆಯಲ್ಲಿ ಅವರು ಪ್ಲಾಸ್ಟರಿನ ಕೈಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಹೊರಟರಂತೆ. ನಾನು ಅವತ್ತು ಬೇಕೆಂದೇ ಚಾರ್ಮಾಡಿಯ ಟ್ರಿಪ್ಪಿಗೆ ಹೋಗಿದ್ದೆ. ಹೇಳಿದ ಹಾಗೆ ಜಾಗವನ್ನೂ ಮನೆಯನ್ನೂ ಅಮ್ಮನ ಹೆಸರಿಗೆ ಬರೆದೇ ಹೋಗಿದ್ದರು. ಬಸ್ಸು ಬೇರೆಯವರ ಪಾಲಾಯಿತು, ಮುಂಗಡವೂ ಹೋಯಿತು.

ಕೇಸು ಮಾತ್ರ ಉಳಿಯಿತು. ಅಮ್ಮ ಆರೋಪಿ, ನಾನು ದೂರುದಾರ. ರಾಜಿ ಮಾಡಿಕೊಳ್ಳಿ ಎಂದು ವಕೀಲರು ಎಷ್ಟೋ ಸಲ ಹೇಳಿದರು. ಮೊದಲ ವರ್ಷ ಹಟದಿಂದ ನಾನು ಒಪ್ಪಲಿಲ್ಲ. ಎರಡನೇ ವರ್ಷ ನನಗೆ ಬೇಕಾಗಿತ್ತು, ಅವಳು ಒಪ್ಪಲಿಲ್ಲ, ನಡೆಯಲಿ ಎಂದಳು. ಪ್ರತಿ ವಾಯಿದೆಗೂ ಅವಳನ್ನು ಬೆಳ್ತಂಗಡಿ ಕೋರ್ಟಿಗೆ ಕರೆದುಕೊಂಡು ಹೋದದ್ದು ನನ್ನದೇ ಜೀಪು. ಅವಳು ಹಿಂದಿನ ಸೀಟಿನಲ್ಲಿ ಕೂತು, ಎಲ್ಲರಂತೆ ಚಾರ್ಜು ಕೊಟ್ಟು ಇಳಿಯುತ್ತಿದ್ದಳು. ಕಟಕಟೆಯಲ್ಲಿ ಅರವತ್ತು ವರ್ಷದ ಹೆಂಗಸು ಕುಡುಕರ, ಮರಳು ಕಳ್ಳರ ಸಾಲಿನಲ್ಲಿ ನಿಲ್ಲುವುದನ್ನು ನಾನು ಬೆಂಚಿನಲ್ಲಿ ಕೂತು ನೋಡಬೇಕಾಗಿತ್ತು. ಹೆಸರು ಕೂಗುವಾಗಲೆಲ್ಲ ನನಗೆ ಸಾಯುವ ಹಾಗಾಗುತ್ತಿತ್ತು. ನನ್ನ ಸಿಟ್ಟು ಇಳಿದದ್ದು ಆ ಬೆಂಚಿನ ಮೇಲೆ. ಒಂದು ದಿನದಲ್ಲಿ ಇಳಿಯಲಿಲ್ಲ, ಎರಡು ವರ್ಷ ಬೇಕಾಯಿತು.

ಕೊನೆಗೆ ನನ್ನನ್ನು ಸಾಕ್ಷಿ ಕಟ್ಟೆಗೆ ಕರೆದು, ಈಕೆ ನಿಮಗೆ ಹೊಡೆದದ್ದು ಹೌದೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಯಾರು ಎಂದರು. ಯಾರೂ ಇಲ್ಲ, ಜಾರಿ ಬಿದ್ದದ್ದು ಎಂದೆ. ನ್ಯಾಯಾಧೀಶರು ನನ್ನನ್ನು ಚೆನ್ನಾಗಿ ಬೈದು ಅಮ್ಮನನ್ನು ಬಿಡುಗಡೆ ಮಾಡಿದರು.

ಹೊರಗೆ ಬಸ್ಸು ನಿಲ್ಲುವಲ್ಲಿ, ಶಾಲೆ ಬಿಟ್ಟ ಮಕ್ಕಳು, ಹೂವಿನವರು, ರಿಕ್ಷಾದವರು ಎಲ್ಲರೂ ಇರುವಾಗ, ಅಮ್ಮ ಚೀಲವನ್ನು ಕೆಳಗಿಟ್ಟಳು. ನಿಧಾನವಾಗಿಯೇ ಇಟ್ಟಳು. ಆಮೇಲೆ ನನ್ನ ಕೆನ್ನೆಗೆ ಹೊಡೆದಳು. ಅಪ್ಪ ಹೋದ ಮೇಲೂ ಅವಳು ಬಿಡದೆ ತೊಡುತ್ತಿದ್ದ ಬಳೆ ಒಡೆದು ಚೂರು ನನ್ನ ಅಂಗಿಯೊಳಗೆ ಬಿತ್ತು. ಜನ ನಿಂತು ನೋಡಿದರು.

"ಎರಡು ವರ್ಷ ಕೊಡದ ಪೆಟ್ಟಿಗೆ ಕೋರ್ಟಿಗೆ ಬಂದೆ," ಎಂದಳು. "ಅವನ ಮೇಲೆ ನೀನು ಮೊದಲ ಸಲ ಕೈ ಎತ್ತಿದ ದಿನವೇ ಕೊಡಬೇಕಿತ್ತು ಇದನ್ನು. ಕೊಡಲಿಲ್ಲ ನಾನು."

ಅವತ್ತು ಅವಳು ಮುಂದಿನ ಸೀಟಿನಲ್ಲಿ ಕೂತಳು. ಬೇರೆ ಯಾರನ್ನೂ ಹತ್ತಿಸಿಕೊಳ್ಳದೆ ಖಾಲಿ ಜೀಪು ಬಿಟ್ಟೆ. ಪೇಟೆ ದಾಟುವವರೆಗೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ. ಅವಳು ಹಮೀದನ ಮನೆಯ ಫೋನಿನಲ್ಲಿ ಮಾವನ ಹತ್ತಿರ ಮಾತಾಡುತ್ತಾಳೆಂದು ನನಗೆ ಗೊತ್ತಿತ್ತು. ಗುರುವಾಯನಕೆರೆಯ ತಿರುವು ಕಾಣುವಾಗ ಧೈರ್ಯ ಮಾಡಿ ಕೇಳಿದೆ, ಮಾವನ ಕೈ ಹೇಗುಂಟು ಎಂದು. ಎರಡು ವರ್ಷದಲ್ಲಿ ಅದನ್ನು ಕೇಳಿದ್ದು ಅದೇ ಮೊದಲು.

ಅಮ್ಮ ಮಡಿಲಿನ ಚೀಲವನ್ನು ಕಾಲಬುಡಕ್ಕಿಟ್ಟಳು.

"ಎಲುಬು ಸರಿ ಕೂಡಲಿಲ್ಲ," ಎಂದಳು. "ಸೌಟು ಹಿಡಿಲಿಕ್ಕೆ ಆಗುವುದಿಲ್ಲ ಅಂತೆ. ಅಡುಗೆ ಅವಳು ಮಾಡ್ತಾಳೆ. ಇವ ಎಡಗೈಯಲ್ಲಿ ಗಿರಾಕಿಗಳಿಗೆ ನೀರು ಕೊಡ್ತಾನೆ."